ಷೇರುಧನವೂ ಶ್ರಾವಕಧರ್ಮವೂ

ಗೃಹಸ್ಥನು ಧನವನ್ನು ಗಳಿಸಬಾರದೆಂದು ಜೈನಾಚಾರ್ಯರು ಎಲ್ಲಿಯೂ ವಿಧಿಸಿಲ್ಲ. ಅವರು ಕೇಳಿದ್ದು ಧನವು ಬಂದ ದಾರಿಯನ್ನು. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ, ನ್ಯಾಯದಿಂದ ಗಳಿಸಿದ ಧನವುಳ್ಳವನು ಎಂಬುದನ್ನೇ ಮೊದಲಿಗೆ ಇಟ್ಟಿದ್ದಾನೆ. ದಾನ, ಪೂಜೆ, ತೀರ್ಥಯಾತ್ರೆಗಳೆಲ್ಲ ಧನವನ್ನು ಅವಲಂಬಿಸಿರುವುದರಿಂದ, ಮೂಲದಲ್ಲಿಯೇ ಕಲುಷಿತವಾದ ಧನವು ಮುಂದಿನ ಸತ್ಕಾರ್ಯಗಳನ್ನೂ ಮಲಿನಗೊಳಿಸುತ್ತದೆ ಎಂಬುದು ಇದರ ಇಂಗಿತ.

ಹಿಂದಿನ ಕಾಲದ ವರ್ತಕನಿಗೆ ಈ ಪರೀಕ್ಷೆ ಅಷ್ಟು ಕಠಿಣವಾಗಿರಲಿಲ್ಲ. ಅಂಗಡಿಯಲ್ಲಿದ್ದ ಧಾನ್ಯ, ಬಟ್ಟೆ, ಬೆಳ್ಳಿ ಅವನ ಕಣ್ಣೆದುರಿಗೇ ಇರುತ್ತಿದ್ದವು. ಯಾವುದನ್ನು ಮಾರುತ್ತೇನೆ, ಅದು ಎಲ್ಲಿಂದ ಬಂತು ಎಂಬುದನ್ನು ಅವನು ಬಲ್ಲವನಾಗಿದ್ದ. ಇಂದಿನ ಷೇರುದಾರನ ಸ್ಥಿತಿ ಬೇರೆ. ಅವನು ಒಂದು ಕಂಪನಿಯ ಒಡೆತನದಲ್ಲಿ ಪಾಲುಗಾರನಾಗುತ್ತಾನೆ. ಆದರೆ ಆ ಕಂಪನಿಯ ಕಾರ್ಖಾನೆಯನ್ನಾಗಲಿ ಪ್ರಯೋಗಶಾಲೆಯನ್ನಾಗಲಿ ಎಂದೂ ಕಾಣುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಏರಿಳಿಯುವ ಬೆಲೆ ಮಾತ್ರ. ಕಸಾಯಿಖಾನೆಯ ಅಥವಾ ಮದ್ಯದ ಕಂಪನಿಯ ಷೇರನ್ನು ಜೈನ ಕುಟುಂಬಗಳು ಸಹಜವಾಗಿಯೇ ದೂರವಿಡುತ್ತವೆ. ಅಲ್ಲಿ ದೋಷವು ಹೆಸರಿನಲ್ಲಿಯೇ ಎದ್ದು ಕಾಣುತ್ತದೆ. ಆದರೆ ಜೈವಿಕ ತಂತ್ರಜ್ಞಾನದ ಕಂಪನಿಗಳ ವಿಷಯದಲ್ಲಿ ನಿರ್ಣಯ ಸುಲಭವಲ್ಲ. ಅವು ರೋಗ ನಿವಾರಣೆಯೆಂಬ ಶ್ರೇಷ್ಠ ಕಾರ್ಯವನ್ನು ಮಾಡುತ್ತವೆ. ಅದೇ ವೇಳೆ ಜೀವಿಗಳನ್ನೇ ಕಚ್ಚಾವಸ್ತುವನ್ನಾಗಿಯೂ ಉಪಕರಣವನ್ನಾಗಿಯೂ ಬಳಸುತ್ತವೆ. ಇಂತಹ ಕಂಪನಿಯಲ್ಲಿ ಹಣ ತೊಡಗಿಸುವ ಮೊದಲು ಶ್ರಾವಕನು ಏನನ್ನು ಪರೀಕ್ಷಿಸಬೇಕು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಹೊಣೆ ಎಲ್ಲಿಯವರೆಗೆ?

ಷೇರುದಾರನು ಯಾವ ಪ್ರಾಣಿಗೂ ಕೈಯೆತ್ತುವುದಿಲ್ಲ. ಆದ್ದರಿಂದ ಕಂಪನಿಯ ಕೃತ್ಯಗಳಿಗೆ ಅವನು ಹೊಣೆಯಲ್ಲವೆಂದು ಕೆಲವರು ವಾದಿಸುವುದುಂಟು. ಜೈನ ಕರ್ಮಸಿದ್ಧಾಂತವು ಈ ವಾದವನ್ನು ಒಪ್ಪುವುದಿಲ್ಲ. ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಆಸ್ರವದ ಆಧಾರವನ್ನು ವಿವರಿಸುವಾಗ ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳನ್ನು, ಮನಸ್ಸು, ಮಾತು, ಕಾಯಗಳೆಂಬ ಮೂರು ಯೋಗಗಳನ್ನು, ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ವಿಧಗಳನ್ನು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಕೂಡಿಸಿ 108 ಭೇದಗಳನ್ನು ಹೇಳುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಷೇರುದಾರನು ಮೊದಲನೆಯದರಿಂದ ಪಾರಾಗಬಹುದು. ಆದರೆ ಆಡಳಿತ ಮಂಡಳಿಯನ್ನು ಆರಿಸುವ ಮತಾಧಿಕಾರವುಳ್ಳವನು ‘ಕಾರಿತ’ದಿಂದಲೂ, ಲಾಭಾಂಶವನ್ನು ಸಂತೋಷದಿಂದ ಸ್ವೀಕರಿಸುವವನು ‘ಅನುಮತ’ದಿಂದಲೂ ಪೂರ್ಣವಾಗಿ ಪಾರಾಗಲಾರನು.

ಹಳೆಯ ಶ್ರಾವಕಾಚಾರಗಳು ನಿಷೇಧಿಸಿದ ಹದಿನೈದು ಕ್ರೂರವೃತ್ತಿಗಳಲ್ಲಿ ದಂತವಾಣಿಜ್ಯವೂ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ದಂತ, ಕೇಶ, ನಖ, ಅಸ್ಥಿ, ಚರ್ಮಗಳನ್ನು ಅವು ದೊರೆಯುವ ಮೂಲಸ್ಥಾನದಲ್ಲಿಯೇ ಕೊಳ್ಳುವುದನ್ನು ಈ ವಾಣಿಜ್ಯವೆಂದು ಗುರುತಿಸಿದ್ದಾರೆ. ಮೂಲಸ್ಥಾನವೆಂಬ ಮಾತಿನ ಮಹತ್ತ್ವವನ್ನು ಟೀಕಾಕಾರರು ಬಿಡಿಸಿ ಹೇಳಿದ್ದಾರೆ: ವರ್ತಕನು ಕಾಡಿನ ಬೇಟೆಗಾರರಿಗೆ ಮುಂಗಡ ಹಣ ಕೊಟ್ಟರೆ, ಆ ಹಣದ ನಿಮಿತ್ತವಾಗಿಯೇ ಅವರು ಆನೆಯನ್ನು ಕೊಲ್ಲುತ್ತಾರೆ. ಕೊಲ್ಲುವ ಕೈ ಬೇಟೆಗಾರನದು. ಕೊಲ್ಲಿಸುವ ಪ್ರೇರಣೆ ಮುಂಗಡ ಹಣದ್ದು. ಷೇರುಪೇಟೆಯೆಂಬುದು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಬಂಡವಾಳ ಮತ್ತು ಹಿಂಸೆಗಳ ಸಂಬಂಧವನ್ನು ಆಚಾರ್ಯರು ಇಷ್ಟು ಸೂಕ್ಷ್ಮವಾಗಿ ಕಂಡಿದ್ದರು.

ಇಷ್ಟರಿಂದ ಎಲ್ಲ ಉದ್ಯಮಗಳೂ ತ್ಯಾಜ್ಯವೆಂದು ತಿಳಿಯಬಾರದು. ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ‘ಯಶಸ್ತಿಲಕ’ವನ್ನು ಪೂರ್ಣಗೊಳಿಸಿದ ಸೋಮದೇವಸೂರಿಯು ರೈತ ಮತ್ತು ಬೆಸ್ತರ ದೃಷ್ಟಾಂತವನ್ನು ಕೊಟ್ಟಿದ್ದಾನೆ. ನೇಗಿಲು ಹೂಡುವ ರೈತನಿಂದ ಅನೇಕ ಜೀವಿಗಳು ಸಾಯುತ್ತವೆ. ಬೆಸ್ತನ ಬಲೆಗೆ ಒಂದು ದಿನ ಮೀನೇ ಬೀಳದಿರಬಹುದು. ಆದರೂ ಪಾಪವು ಬೆಸ್ತನದೇ ಹೆಚ್ಚಿನದು. ರೈತನ ಸಂಕಲ್ಪ ಧಾನ್ಯದ ಮೇಲಿದೆ, ಹಿಂಸೆ ಅದರ ಜೊತೆಗೆ ಬಂದದ್ದು. ಬೆಸ್ತನ ಸಂಕಲ್ಪವೇ ಮೀನಿನ ಮರಣ. ಇದೇ ಉದ್ಯೋಗೀ ಹಿಂಸೆಗೂ ಸಂಕಲ್ಪೀ ಹಿಂಸೆಗೂ ಇರುವ ಅಂತರ. ಜೈವಿಕ ತಂತ್ರಜ್ಞಾನದ ಕಂಪನಿಯನ್ನು ಪರೀಕ್ಷಿಸುವವನು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಈ ಕಂಪನಿ ರೈತನೋ, ಬೆಸ್ತನೋ? ಅದರ ಲಾಭವು ಪ್ರಾಣಿಯ ಮರಣದಿಂದಲೇ ಹುಟ್ಟುತ್ತದೆಯೋ, ಅಥವಾ ಹಿಂಸೆಯು ಇನ್ನೂ ತಪ್ಪಿಸಲಾಗದೆ ಜೊತೆಗೂಡಿದೆಯೋ?

ತಂತ್ರಜ್ಞಾನ ಮಾಡಿದ ಉಪಕಾರ

ನ್ಯಾಯವಾಗಿ ನೋಡಿದರೆ, ಈ ಶಾಸ್ತ್ರವು ಪ್ರಾಣಿಹಿಂಸೆಯನ್ನು ತಗ್ಗಿಸಿದ ಉದಾಹರಣೆಗಳು ಕಡಿಮೆಯಿಲ್ಲ. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಪತ್ತೆಯಾದ ಮೇಲೆ ಸುಮಾರು ಅರವತ್ತು ವರ್ಷ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯಬೇಕಾಗಿತ್ತು. 8 ಔನ್ಸ್ ಶುದ್ಧ ಇನ್ಸುಲಿನ್‌ಗೆ ಎರಡು ಟನ್ನಿಗೂ ಮಿಕ್ಕಿ ಹಂದಿಯ ಅಂಗಗಳು ಬೇಕಾಗುತ್ತಿದ್ದವು. ಮಧುಮೇಹದಿಂದ ಬಳಲುವ ಶ್ರಾವಕನಿಗೆ ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ. 1982ರಲ್ಲಿ ಅಮೆರಿಕದ ಜೆನೆಂಟೆಕ್ ಮತ್ತು ಎಲಿ ಲಿಲಿ ಕಂಪನಿಗಳ ಪ್ರಯತ್ನದಿಂದ, ಮಾನವ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಯಾರಿಸಿದ ಇನ್ಸುಲಿನ್‌ಗೆ ಮಾನ್ಯತೆ ದೊರೆಯಿತು. ಚೀಸ್ ತಯಾರಿಕೆಗೆ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ರೆನೆಟ್‌ಗೆ ಬದಲಾಗಿ, ಸೂಕ್ಷ್ಮಜೀವಿಗಳಿಂದ ಪಡೆದ ಕೈಮೊಸಿನ್ ಕಿಣ್ವಕ್ಕೆ 1990ರಲ್ಲಿ ಅದೇ ದೇಶದಲ್ಲಿ ಅನುಮತಿ ಸಿಕ್ಕಿತು.

ಭಾರತದ ಅನುಭವವೂ ಇದನ್ನೇ ಹೇಳುತ್ತದೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಹುಚ್ಚುನಾಯಿ ರೋಗದ ಲಸಿಕೆ ಕುರಿಯ ಮೆದುಳಿನಿಂದ ತಯಾರಾಗುತ್ತಿತ್ತು. ಹೊಟ್ಟೆಗೆ ಚುಚ್ಚುವ ಆ ನೋವಿನ ಸೂಜಿಮದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕೋಶಕೃಷಿಯಿಂದ ತಯಾರಿಸಿದ, ಹೆಚ್ಚು ಸುರಕ್ಷಿತವಾದ ಲಸಿಕೆಗಳು ಅದರ ಸ್ಥಾನವನ್ನು ಪಡೆದವು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಯೀಸ್ಟ್‌ನಿಂದ ತಯಾರಿಸಿದ ಹೆಪಟೈಟಿಸ್-ಬಿ ಲಸಿಕೆಯನ್ನು ಆಮದಿನ ಲಸಿಕೆಗಿಂತ ಬಹಳ ಕಡಿಮೆ ಬೆಲೆಗೆ ಒದಗಿಸಿತು. ಅಭಯದಾನ, ಔಷಧದಾನ ಎರಡೂ ಒಂದೇ ಉದ್ಯಮದಲ್ಲಿ ಕೂಡಿಬಂದ ಅಪರೂಪದ ಸಂದರ್ಭಗಳಿವು.

ಇಲ್ಲಿ ಏಕೇಂದ್ರಿಯ ಜೀವಿಗಳ ಪ್ರಶ್ನೆಯೇಳುತ್ತದೆ. ಬ್ಯಾಕ್ಟೀರಿಯಾ, ಯೀಸ್ಟ್‌ಗಳನ್ನು ಸಾಮಾನ್ಯವಾಗಿ ಏಕೇಂದ್ರಿಯಗಳೆಂದೇ ಎಣಿಸಲಾಗುತ್ತದೆ. ಹುದುಗಿಸುವ ತೊಟ್ಟಿಗಳಲ್ಲಿ ಅವು ಅಸಂಖ್ಯವಾಗಿ ಹುಟ್ಟಿ ಸಾಯುತ್ತವೆ. ಇದು ಹಿಂಸೆಯಲ್ಲವೆಂದು ಹೇಳುವಂತಿಲ್ಲ. ಆದರೆ ಅಣುವ್ರತಿಯಾದ ಗೃಹಸ್ಥನು ತ್ಯಜಿಸಿರುವುದು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು. ಸ್ಥಾವರಜೀವಿಗಳ ವಿಷಯದಲ್ಲಿ ಅವನು ಪ್ರಯೋಜನಕ್ಕೆ ತಕ್ಕಷ್ಟು ಮಿತಿಯನ್ನು ಹಾಕಿಕೊಂಡಿದ್ದಾನೆ. ಪಂಚೇಂದ್ರಿಯ ಪ್ರಾಣಿಯ ವಧೆಯನ್ನು ತಪ್ಪಿಸಿ ರೋಗಿಯ ಪ್ರಾಣವನ್ನು ಉಳಿಸುವ ಉದ್ಯಮವು ರೈತನ ಉದ್ಯಮಕ್ಕೆ ಸಮಾನವೆಂದು ಹೇಳಬಹುದು.

ಉಳಿದಿರುವ ಹಿಂಸೆ

ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಅನೇಕಾಂತದೃಷ್ಟಿಗೆ ಒಪ್ಪುವುದಿಲ್ಲ. ಡಯಾಲಿಸಿಸ್‌ನಲ್ಲಿಯೂ ಹೃದಯದ ಶಸ್ತ್ರಚಿಕಿತ್ಸೆಯಲ್ಲಿಯೂ ರಕ್ತ ಹೆಪ್ಪುಗಟ್ಟದಂತೆ ಬಳಸುವ ಹೆಪಾರಿನ್ ಇಂದಿಗೂ ಮುಖ್ಯವಾಗಿ ಹಂದಿಯ ಕರುಳಿನಿಂದಲೇ ಬರುತ್ತದೆ. ಪ್ರಯೋಗಶಾಲೆಯಲ್ಲಿ ಕೋಶಗಳನ್ನು ಬೆಳೆಸಲು ದೀರ್ಘಕಾಲದಿಂದ ಬಳಕೆಯಲ್ಲಿರುವ ಸೀರಮ್, ಗರ್ಭಿಣಿ ಹಸುವನ್ನು ಕಸಾಯಿಖಾನೆಯಲ್ಲಿ ವಧಿಸಿದಾಗ ದೊರೆಯುವ ಭ್ರೂಣದ ರಕ್ತದಿಂದ ತಯಾರಾಗುತ್ತದೆ. ಸೂಜಿಮದ್ದಿನಲ್ಲಿ ಬ್ಯಾಕ್ಟೀರಿಯಾದ ವಿಷಾಂಶವಿದೆಯೇ ಎಂದು ಪರೀಕ್ಷಿಸಲು ಕುದುರೆಲಾಳದ ಏಡಿಗಳನ್ನು ಸಮುದ್ರದಿಂದ ಹಿಡಿದು ರಕ್ತ ತೆಗೆದು ಮರಳಿ ಬಿಡುತ್ತಾರೆ. ಅವುಗಳಲ್ಲಿ ಒಂದು ಪಾಲು ಬದುಕಿ ಉಳಿಯುವುದಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ಹೊಸ ಔಷಧವನ್ನು ಮನುಷ್ಯನಿಗೆ ಕೊಡುವ ಮೊದಲು ಇಲಿ, ಮೊಲ, ನಾಯಿ, ಮಂಗಗಳ ಮೇಲೆ ಪರೀಕ್ಷಿಸುವ ಪದ್ಧತಿ ಜಗತ್ತಿನಾದ್ಯಂತ ನಡೆದುಬಂದಿದೆ.

ಆದರೆ ಇವುಗಳಲ್ಲಿ ಕೊನೆಯ ಮೂರರಲ್ಲಿಯೂ ದಾರಿ ತೆರೆಯುತ್ತಿದೆ. ಸೀರಮ್ ಇಲ್ಲದ ಪೋಷಕದ್ರವಗಳು ಈಗ ವ್ಯಾಪಕವಾಗಿ ಬಳಕೆಯಲ್ಲಿವೆ. ಏಡಿಯ ರಕ್ತದ ಬದಲಿಗೆ ಜೀನ್ ತಂತ್ರದಿಂದ ತಯಾರಿಸಿದ ದ್ರವ್ಯವನ್ನು ಬಳಸುವ ವಿಧಾನಕ್ಕೆ ಯುರೋಪಿನ ಔಷಧಸಂಹಿತೆಯು 2021ರಿಂದಲೂ ಅಮೆರಿಕದ ಸಂಹಿತೆಯು 2025ರಿಂದಲೂ ಸ್ಥಾನ ಕೊಟ್ಟಿವೆ. ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಹಳೆಯ ನಿಬಂಧನೆಯನ್ನು ಅಮೆರಿಕವು 2022ರ ಡಿಸೆಂಬರ್‌ನಲ್ಲಿ ಶಾಸನದ ಮೂಲಕ ಸಡಿಲಿಸಿತು. ಭಾರತವೂ 2023ರಲ್ಲಿ ತನ್ನ ಔಷಧ ಪ್ರಯೋಗ ನಿಯಮಗಳನ್ನು ತಿದ್ದಿ, ಮಾನವಕೋಶಗಳ ಮೇಲೆ ನಡೆಯುವ ಪರೀಕ್ಷೆಯೇ ಮೊದಲಾದ ಪ್ರಾಣಿರಹಿತ ವಿಧಾನಗಳಿಗೆ ಅವಕಾಶ ಕೊಟ್ಟಿತು. ಹೀಗೆ ನಿನ್ನೆಯವರೆಗೆ ಅನಿವಾರ್ಯವಾಗಿದ್ದ ಹಿಂಸೆ ಇಂದು ಐಚ್ಛಿಕವಾಗುತ್ತಿದೆ. ಬದಲಿ ವಿಧಾನ ದೊರೆತ ಮೇಲೂ ಹಳೆಯ ವಿಧಾನವನ್ನೇ ಹಿಡಿದಿರುವ ಕಂಪನಿಯು ರೈತನೆಂಬ ರಕ್ಷೆಯನ್ನು ಕಳೆದುಕೊಳ್ಳುತ್ತದೆ.

ಒಂದು ಶಂಕೆ, ಅದರ ಸಮಾಧಾನ

ಇಲ್ಲಿ ಸಹಜವಾಗಿ ಒಂದು ಶಂಕೆ ಏಳುತ್ತದೆ. ಜೈನರೂ ರೋಗ ಬಂದಾಗ ಇದೇ ಕಂಪನಿಗಳ ಔಷಧವನ್ನು ಸೇವಿಸುತ್ತಾರೆ. ಔಷಧವನ್ನು ಸೇವಿಸಿ ಷೇರನ್ನು ಮಾತ್ರ ನಿರಾಕರಿಸುವುದು ಬೂಟಾಟಿಕೆಯಲ್ಲವೇ?

ಈ ಶಂಕೆಗೆ ಬಲವುಂಟು. ಆದರೆ ಅದು ಒಂದು ಮುಖ್ಯ ಭೇದವನ್ನು ಮರೆಯುತ್ತದೆ. ರೋಗಿಗೆ ಅನಿವಾರ್ಯತೆಯಿದೆ; ಹೂಡಿಕೆದಾರನಿಗೆ ಅನಿವಾರ್ಯತೆಯಿಲ್ಲ. ಹೆಪಾರಿನ್ ಇಲ್ಲದೆ ಪ್ರಾಣ ಉಳಿಯದ ರೋಗಿ ಅದನ್ನು ವಿಷಾದದಿಂದ, ಬೇರೆ ದಾರಿ ಕಾಣದೆ ಸ್ವೀಕರಿಸುತ್ತಾನೆ. ಹೆಪಾರಿನ್ ಕಂಪನಿಯ ಷೇರನ್ನು ಕೊಳ್ಳಲೇಬೇಕೆಂದು ಯಾರೂ ಯಾರನ್ನೂ ಒತ್ತಾಯಿಸುವುದಿಲ್ಲ. ಪೇಟೆಯಲ್ಲಿ ಸಾವಿರಾರು ಕಂಪನಿಗಳಿವೆ, ಬ್ಯಾಂಕಿನ ಠೇವಣಿಯಿದೆ, ಸರಕಾರದ ಸಾಲಪತ್ರಗಳಿವೆ. ಎಂದಮೇಲೆ ಆ ಒಂದು ಷೇರನ್ನೇ ಆರಿಸಲು ಉಳಿಯುವ ಕಾರಣ ಹೆಚ್ಚಿನ ಲಾಭದ ಆಸೆಯೊಂದೇ. ಆದುದರಿಂದ ಔಷಧವನ್ನು ಸೇವಿಸುವವನಿಗೆ ಅನ್ವಯಿಸುವ ಅಳತೆಗಿಂತ ಷೇರನ್ನು ಕೊಳ್ಳುವವನಿಗೆ ಅನ್ವಯಿಸುವ ಅಳತೆ ಕಠಿಣವಾಗಿರಲೇಬೇಕು.

ತನ್ನ ಹಣದಿಂದ ಔಷಧ ಸಂಶೋಧನೆಗೆ ನೆರವಾಗುತ್ತದೆ ಎಂಬ ಸಮರ್ಥನೆಯನ್ನೂ ಪರೀಕ್ಷಿಸಬೇಕು. ಕಂಪನಿಯು ಹೊಸದಾಗಿ ಷೇರು ನೀಡಿದಾಗ ಹಣವು ಕಂಪನಿಗೆ ಸೇರುತ್ತದೆ. ಆದರೆ ದಿನನಿತ್ಯದ ಪೇಟೆಯಲ್ಲಿ ಕೊಂಡ ಷೇರಿನ ಹಣ ಹೋಗುವುದು ಅದನ್ನು ಮಾರಿದ ಇನ್ನೊಬ್ಬ ಹೂಡಿಕೆದಾರನಿಗೆ. ಪ್ರಯೋಗಶಾಲೆಗೆ ಅದರಿಂದ ಒಂದು ಪೈಸೆಯೂ ನೇರವಾಗಿ ತಲುಪುವುದಿಲ್ಲ. ಲಾಭಕ್ಕಾಗಿ ಕೊಂಡುದನ್ನು ಪರೋಪಕಾರವೆಂದು ಕರೆದುಕೊಳ್ಳುವುದು ಮಾಯಾಕಷಾಯದ ಒಂದು ಸೂಕ್ಷ್ಮರೂಪ. ಹಾಗೆಂದು ಈ ಕ್ಷೇತ್ರವನ್ನು ಸಂಪೂರ್ಣವಾಗಿ ತೊರೆಯಬೇಕೆಂದೂ ಅಲ್ಲ. ಹಿಂಸೆಯನ್ನು ಕಡಿಮೆಮಾಡುವ ಕಂಪನಿಗಳಿಗೆ ವಿವೇಕಿಗಳಾದ ಒಡೆಯರು ಬೇಕು. ಒಡೆತನದ ಜೊತೆಗೆ ಬರುವ ಪ್ರಶ್ನಿಸುವ ಹಕ್ಕನ್ನು ಬಳಸುವವನಿಗೆ ಇಲ್ಲಿ ಸ್ಥಾನವುಂಟು.

ಪರೀಕ್ಷೆಯ ಕ್ರಮ

ಮೊದಲು ಪರೀಕ್ಷಿಸಬೇಕಾದದ್ದು ಉತ್ಪನ್ನವನ್ನು, ಕಂಪನಿಯ ಹೆಸರನ್ನಲ್ಲ. ಬೆಂಗಳೂರಿನ ಬಯೋಕಾನ್‌ನ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. 1978ರಲ್ಲಿ ಆರಂಭವಾದಾಗ ಅದು ತಯಾರಿಸಿದ ಮೊದಲ ಪದಾರ್ಥಗಳು ಎರಡು: ಪಪ್ಪಾಯಿಯಿಂದ ತೆಗೆದ ಪಪೇನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್‌ಗ್ಲಾಸ್. ಒಂದು ಸಸ್ಯಮೂಲದ್ದು, ಇನ್ನೊಂದು ಪ್ರಾಣಿಮೂಲದ್ದು. 2004ರಲ್ಲಿ ಅದರ ಷೇರು ಪೇಟೆಗೆ ಬಂದಿತು. ಅದೇ ವರ್ಷ ಅದು ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಭಾರತದ ರೋಗಿಗಳಿಗೆ ಒದಗಿಸಿತು. ಒಂದೇ ಕಂಪನಿಯ ಉತ್ಪನ್ನಗಳು ಕಾಲದಿಂದ ಕಾಲಕ್ಕೆ ಎಷ್ಟು ಬದಲಾಗಬಲ್ಲವು ಎಂಬುದನ್ನು ಇದು ತೋರಿಸುತ್ತದೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಆದಾಯವು ಯಾವ ಯಾವ ಉತ್ಪನ್ನದಿಂದ ಬಂತೆಂಬ ವಿವರವಿರುತ್ತದೆ. ದೊಡ್ಡ ಪಾಲು ಯಾವುದರಿಂದ ಬರುತ್ತದೆಯೋ ಅದೇ ಕಂಪನಿಯ ನಿಜವಾದ ಸಂಕಲ್ಪ.

ಎರಡನೆಯದು ಹೊರಗೆ ಮಾಡಿಸುವ ಕೆಲಸದ ಪರೀಕ್ಷೆ. ತನ್ನಲ್ಲಿ ಪ್ರಾಣಿಗೃಹವೇ ಇಲ್ಲವೆಂದು ಹೇಳುವ ಕಂಪನಿಯು ಗುತ್ತಿಗೆಯ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುತ್ತಿರಬಹುದು. ಅದು ‘ಕೃತ’ದಿಂದ ‘ಕಾರಿತ’ಕ್ಕೆ ಜಾರಿದ್ದು ಮಾತ್ರ. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಅಡಿಯಲ್ಲಿ ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಗೆ ಕೇಂದ್ರ ಸರಕಾರದ ಸಮಿತಿಯೊಂದಿದೆ. ಪ್ರಯೋಗ ನಡೆಸುವ ಸಂಸ್ಥೆಗಳು ಅಲ್ಲಿ ನೋಂದಾಯಿಸಿಕೊಳ್ಳಬೇಕು. 2022-23ರಿಂದ ಪೇಟೆಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು ಸೆಬಿಯ ನಿಯಮದಂತೆ ವ್ಯವಹಾರ ಹೊಣೆಗಾರಿಕೆಯ ವರದಿಯನ್ನು ಕೊಡಬೇಕಾಗಿದೆ; ಕಚ್ಚಾವಸ್ತುಗಳನ್ನು ಹೇಗೆ ಪಡೆಯಲಾಗುತ್ತದೆ ಎಂಬ ಪ್ರಶ್ನೆಯೂ ಅದರಲ್ಲಿದೆ. ವರದಿಯಲ್ಲಿ ಉತ್ತರ ದೊರೆಯದಿದ್ದರೆ ಷೇರುದಾರನು ಕಂಪನಿಯ ಕಾರ್ಯದರ್ಶಿಗೆ ಪತ್ರ ಬರೆಯಬಹುದು, ವಾರ್ಷಿಕ ಸಭೆಯಲ್ಲಿ ಕೇಳಬಹುದು. ಸ್ಪಷ್ಟವಾದ ಪ್ರಶ್ನೆಗೆ ಮೌನವೇ ಉತ್ತರವಾದಾಗ, ಆ ಮೌನವನ್ನೂ ಒಂದು ಉತ್ತರವೆಂದೇ ತಿಳಿಯಬೇಕು.

ಮೂರನೆಯದು ಮನುಷ್ಯರ ವಿಷಯ. ಅಹಿಂಸೆಯೆಂದರೆ ಪ್ರಾಣಿದಯೆ ಮಾತ್ರವೆಂದು ತಿಳಿದವರು, ಔಷಧ ಪ್ರಯೋಗಕ್ಕೆ ದೇಹವೊಡ್ಡುವ ಬಡವರನ್ನು ಮರೆಯುತ್ತಾರೆ. ಭಾರತದಲ್ಲಿ ನಡೆಯುವ ಇಂತಹ ಪ್ರಯೋಗಗಳ ಸಾರ್ವಜನಿಕ ನೋಂದಣಿಪುಸ್ತಕ 2007ರಲ್ಲಿ ಆರಂಭವಾಗಿ, 2009ರಿಂದ ನೋಂದಣಿ ಕಡ್ಡಾಯವಾಯಿತು. ಕಂಪನಿಯ ಪ್ರಯೋಗಗಳು ಅಲ್ಲಿ ದಾಖಲಾಗಿವೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ನಾಲ್ಕನೆಯದು ಸತ್ಯದ ಪರೀಕ್ಷೆ. ಮನುಷ್ಯರ ಮೇಲಿನ ಪ್ರಯೋಗದ ಮೊದಲ ಹಂತಕ್ಕೆ ಬರುವ ಹತ್ತು ಔಷಧಗಳಲ್ಲಿ ಸುಮಾರು ಒಂಬತ್ತು ಮಾರುಕಟ್ಟೆಯನ್ನು ತಲುಪುವುದಿಲ್ಲ. ಈ ಕ್ಷೇತ್ರದಲ್ಲಿ ಭರವಸೆಯೇ ಸರಕಾಗುವ ಅಪಾಯ ಉಂಟು. ಅಮೆರಿಕದ ಥೆರಾನೋಸ್ ಎಂಬ ಖಾಸಗಿ ಕಂಪನಿ ಬೆರಳ ತುದಿಯ ಕೆಲವು ಹನಿ ರಕ್ತದಿಂದ ಹಲವು ಪರೀಕ್ಷೆಗಳನ್ನು ಮಾಡುವೆನೆಂದು ಹೇಳಿ, 2014ರ ಹೊತ್ತಿಗೆ ಸುಮಾರು 900 ಕೋಟಿ ಡಾಲರ್ ಮೌಲ್ಯವನ್ನು ಪಡೆಯಿತು. 2018ರಲ್ಲಿ ಅದು ಮುಚ್ಚಿಹೋಯಿತು. 2022ರಲ್ಲಿ ಅದರ ಸ್ಥಾಪಕಿಗೆ ವಂಚನೆಗಾಗಿ 11 ವರ್ಷಕ್ಕೂ ಮಿಕ್ಕಿದ ಸೆರೆವಾಸದ ಶಿಕ್ಷೆಯಾಯಿತು. ಆಡಳಿತ ಮಂಡಳಿಯಲ್ಲಿ ಹೆಸರಾಂತ ರಾಜಕಾರಣಿಗಳಿದ್ದರು. ದೊಡ್ಡ ಹೆಸರುಗಳನ್ನು ನಂಬಿದವರು ಯಂತ್ರವನ್ನು ಪರೀಕ್ಷಿಸಲಿಲ್ಲ. ಪರೀಕ್ಷೆಯ ಫಲಿತಾಂಶವನ್ನು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸದೆ, ಸೋಲನ್ನು ಒಪ್ಪಿಕೊಳ್ಳದೆ, ಕೇವಲ ಭವಿಷ್ಯವನ್ನು ವರ್ಣಿಸುವ ಕಂಪನಿಯಿಂದ ದೂರವಿರುವುದು ವ್ಯವಹಾರಕ್ಕೂ ವ್ರತಕ್ಕೂ ಹಿತ.

ಐದನೆಯ ಪರೀಕ್ಷೆ ಕಂಪನಿಯದಲ್ಲ, ಹೂಡಿಕೆದಾರನದೇ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ‘ವಿಸ್ಮಯ’ವೂ ಒಂದು. ತಾನು ಲಾಭಕ್ಕೆ ಮಾರಿದ ವಸ್ತುವಿನಿಂದ ಇನ್ನೊಬ್ಬನು ಹೆಚ್ಚು ಲಾಭ ಪಡೆದುದನ್ನು ಕಂಡು ಲೋಭದಿಂದ ವಿಷಾದಪಡುವುದೇ ಈ ವಿಸ್ಮಯವೆಂದು ಟೀಕೆ ವಿವರಿಸುತ್ತದೆ. ಷೇರುಪೇಟೆಯನ್ನು ಬಲ್ಲವರಿಗೆ ಈ ಮನಃಸ್ಥಿತಿಯ ಪರಿಚಯ ಹೇಳಬೇಕಾಗಿಲ್ಲ. ಜೈವಿಕ ತಂತ್ರಜ್ಞಾನದ ಷೇರುಗಳಂತೆ ಒಂದೇ ಸುದ್ದಿಯಿಂದ ಏರಿ, ಒಂದೇ ಸುದ್ದಿಯಿಂದ ಕುಸಿಯುವ ಷೇರುಗಳು ಇದಕ್ಕೆ ಫಲವತ್ತಾದ ನೆಲ. ಇಷ್ಟೇ ಹಣ, ಇದಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯನ್ನು ಮೊದಲೇ ಹಾಕಿಕೊಳ್ಳದವನು ಉಳಿದ ನಾಲ್ಕು ಪರೀಕ್ಷೆಗಳನ್ನೂ ತನಗೆ ಬೇಕಾದಂತೆಯೇ ಮಾಡಿಕೊಳ್ಳುತ್ತಾನೆ.

ದೇವಾಲಯದ ನ್ಯಾಸಗಳು

ಕುಟುಂಬಗಳಿಗಿಂತ ಬಸದಿಗಳ ನ್ಯಾಸಗಳಿಗೆ ಹೊಣೆ ಇನ್ನೂ ಹೆಚ್ಚಿನದು. 1961ರ ಆದಾಯ ತೆರಿಗೆ ಕಾಯಿದೆಯು ಧರ್ಮಸಂಸ್ಥೆಗಳ ಹಣವನ್ನು ಯಾವ ರೂಪದಲ್ಲಿ ಹೂಡಬಹುದೆಂಬ ಪಟ್ಟಿಯನ್ನು ಕೊಟ್ಟಿತ್ತು. 2025ರ ಹೊಸ ಕಾಯಿದೆಯಲ್ಲಿಯೂ ಇಂತಹ ಪಟ್ಟಿಯಿದೆ. ಖಾಸಗಿ ಕಂಪನಿಗಳ ಷೇರುಗಳನ್ನು ನ್ಯಾಸಗಳು ನೇರವಾಗಿ ಕೊಳ್ಳುವುದಕ್ಕೆ ಹಳೆಯ ಕಾಯಿದೆಯಲ್ಲಿ ಸಾಮಾನ್ಯವಾಗಿ ಎಡೆಯಿರಲಿಲ್ಲ. ಆದರೆ ಮ್ಯೂಚುವಲ್ ಫಂಡ್‌ಗಳ ಯೂನಿಟ್‌ಗಳಿಗೆ ಅವಕಾಶವಿತ್ತು. ಆ ಯೂನಿಟ್ಟಿನೊಳಗೆ ಔಷಧ ಕಂಪನಿಯೂ ಇರಬಹುದು, ಮದ್ಯದ ಕಂಪನಿಯೂ ಇರಬಹುದು. ಅಭಿಷೇಕಕ್ಕೆಂದು ಭಕ್ತರು ಕೊಟ್ಟ ಹಣವು ಯಾರಿಗೂ ತಿಳಿಯದಂತೆ ಎಲ್ಲಿ ಹೋಗಿ ಸೇರಿದೆ ಎಂಬುದನ್ನು ಧರ್ಮದರ್ಶಿಗಳು ಕೇಳಬೇಕು. ಫಂಡ್‌ಗಳು ತಮ್ಮ ಹೂಡಿಕೆಯ ಪಟ್ಟಿಯನ್ನು ಪ್ರತಿ ತಿಂಗಳೂ ಪ್ರಕಟಿಸುತ್ತವೆ. ಅದನ್ನು ಓದುವುದು ಅರ್ಧ ಗಂಟೆಯ ಕೆಲಸ. ವ್ಯಕ್ತಿಯೊಬ್ಬನು ತನ್ನ ಧನದಲ್ಲಿ ತಪ್ಪಿದರೆ ದೋಷ ಅವನೊಬ್ಬನದು. ನ್ಯಾಸವು ತಪ್ಪಿದರೆ, ಅರಿಯದೆ ಕಾಣಿಕೆ ಹಾಕಿದ ವೃದ್ಧೆಯ ಶ್ರದ್ಧೆಗೂ ಅಪಚಾರವಾಗುತ್ತದೆ.

ಈ ಪರೀಕ್ಷೆಗಳಲ್ಲಿ ಸಂಪೂರ್ಣವಾಗಿ ಉತ್ತೀರ್ಣವಾಗುವ ಕಂಪನಿ ದೊರೆಯುವುದು ವಿರಳ. ನಿರ್ದೋಷವಾದ ಉದ್ಯಮವೇ ಸಿಗಬೇಕೆಂದು ಹಟ ಹಿಡಿದರೆ ಗೃಹಸ್ಥಧರ್ಮವೇ ನಡೆಯಲಾರದು. ಎಲ್ಲದರಲ್ಲಿಯೂ ದೋಷವಿದೆಯೆಂದು ಪರೀಕ್ಷೆಯನ್ನೇ ಕೈಬಿಟ್ಟರೆ ವ್ರತಕ್ಕೆ ಅರ್ಥವಿಲ್ಲ. ಇವೆರಡರ ನಡುವೆ ಶ್ರಾವಕನ ದಾರಿಯಿದೆ. ಪ್ರಾಣಿವಧೆಯೇ ಲಾಭದ ಮೂಲವಾದಲ್ಲಿ ಲಾಭವೆಷ್ಟೇ ಇರಲಿ ಅದನ್ನು ಬಿಡಬೇಕು. ಹಿಂಸೆಯು ಜೊತೆಗೂಡಿಬಂದಿದ್ದು ಕಂಪನಿಯು ಅದನ್ನು ವರ್ಷದಿಂದ ವರ್ಷಕ್ಕೆ ತಗ್ಗಿಸುತ್ತಿದ್ದರೆ ಮಿತವಾಗಿ ಹೂಡಿ, ಪ್ರಶ್ನಿಸುತ್ತಿರಬೇಕು. ತಗ್ಗಿಸುವ ದಾರಿಯಿದ್ದೂ ತಗ್ಗಿಸದಿದ್ದರೆ ಮಾರಿ ಹೊರಬರಬೇಕು. ಹೊರಬಂದ ಮೇಲೆ ಆ ಷೇರಿನ ಬೆಲೆ ಏರಿದರೂ ವಿಷಾದಪಡಬಾರದು. ವ್ರತದ ನಿಜವಾದ ಪರೀಕ್ಷೆ ನಡೆಯುವುದು ಆ ಕೊನೆಯ ಗಳಿಗೆಯಲ್ಲಿಯೇ.